ಚರಿತ್ರೆಯ ಪಾಠವೂ ನಮ್ಮ ಊರೂ

ನಮ್ಮ ಹೈಸ್ಕೂಲಿನಲ್ಲಿ ಓದಿ ಹೋದ ಸೋದರಿಯರಲ್ಲಿ ಹಲವರು, ಈ ಸಂಚಿಕೆಯನ್ನು ಕೈಗೆ ತೆಗೆದುಕೊಂಡು ಚರಿತ್ರೆಯೆಂಬ ಮಾತನ್ನು ಕಂಡೊಡನೆ ಪುಟವನ್ನು ಮಗುಚಿಬಿಡುವರೆಂಬುದನ್ನು ನಾವು ಬಲ್ಲೆವು. ಅದಕ್ಕೆ ಕಾರಣರು ನಾವೇ. ಪಾಣಿಪತ್ತಿನ ಮೂರು ಯುದ್ಧಗಳು 1526, 1556, 1761 ಎಂದು ಎದ್ದು ನಿಂತು ಒಂದೇ ಉಸಿರಿನಲ್ಲಿ ಒಪ್ಪಿಸಿದವರಿಗೆ ನಾವು ಪೂರ್ಣ ಅಂಕಗಳನ್ನು ಕೊಟ್ಟು ಕೂರಿಸುತ್ತಿದ್ದೆವು. ಆ ಪಾಣಿಪತ್ತು ಎಲ್ಲಿದೆ, ಮೂರು ಸಲವೂ ಅಲ್ಲಿಯೇ ಏಕೆ ಸೈನ್ಯಗಳು ಸೇರಿದವು, ಸೇರಿದವೆಂಬುದು ನಮಗೆ ಗೊತ್ತಾದುದು ಹೇಗೆ, ಎಂದು ಯಾರೂ ಕೇಳಲಿಲ್ಲ. ಕೇಳುವ ಅವಕಾಶವನ್ನು ನಾವು ಕೊಡಲೂ ಇಲ್ಲ. ಹೀಗೆ ಬಹುಕಾಲ ನಡೆಯಿತು. ಪರೀಕ್ಷೆಯ ಫಲಿತಾಂಶವು ಚೆನ್ನಾಗಿಯೇ ಇದ್ದುದರಿಂದ ನಮ್ಮ ಬೋಧನೆಯಲ್ಲಿ ಲೋಪವಿದೆಯೆಂದು ನಮಗೆ ತೋರಲಿಲ್ಲ.

ತೋರಿಸಿಕೊಟ್ಟವಳು ಎಂಟನೆಯ ತರಗತಿಯ ಒಬ್ಬ ಹುಡುಗಿ. ಪ್ಲಾಸಿಯ ಕದನದ ಪಾಠ ಮುಗಿಸಿ, ಸಂದೇಹಗಳಿದ್ದರೆ ಕೇಳಿರೆಂದು ಮಾಮೂಲಿನಂತೆ ನುಡಿದೆವು. ಆಕೆ ಎದ್ದು, "ನಮ್ಮ ಊರಿನಲ್ಲಿ ಏನೂ ನಡೆಯಲೇ ಇಲ್ಲವೇ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಆದರೆ ಆ ಸಂಜೆ ಉಪಾಧ್ಯಾಯಿನಿಯರ ಕೋಣೆಯಲ್ಲಿ ಪಠ್ಯಪುಸ್ತಕವನ್ನು ತಿರುವಿ ನೋಡಿದಾಗ, ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ದಾವಣಗೆರೆಯ ಹೆಸರು ಒಮ್ಮೆಯೂ ಇರಲಿಲ್ಲ. ನಡೆದುದೆಲ್ಲವೂ ಬೇರೆಲ್ಲಿಯೋ, ಬೇರೆ ಯಾರಿಗೋ. ಅಂತಹ ಚರಿತ್ರೆಯನ್ನು ಮಕ್ಕಳು ಬಾಯಿಪಾಠ ಮಾಡದೆ ಮತ್ತೇನು ಮಾಡಿಯಾರು?

ಮರುವಾರ ಅದೇ ತರಗತಿಗೆ ಒಂದು ಪ್ರಶ್ನೆಯನ್ನಿತ್ತೆವು: ದಾವಣಗೆರೆಯಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು? ಬಂದ ಮೊದಲ ಉತ್ತರ ಬೆಣ್ಣೆದೋಸೆ. ಎರಡನೆಯದು ಹತ್ತಿಯ ಗಿರಣಿ. ಮೂರನೆಯದು, "ನಮ್ಮ ಅಜ್ಜಿ." ಈ ಮೂರನೆಯ ಉತ್ತರಕ್ಕೂ ನಗು ಎದ್ದಿತಾದರೂ ಅದನ್ನು ಬರೆದಿಟ್ಟುಕೊಂಡೆವು, ಮುಂದೆ ಅದೇ ನಮಗೆ ದಾರಿಯಾಯಿತು.

ಊರಿನ ಹೆಸರಿನಿಂದಲೇ ಆರಂಭಿಸಿದೆವು. ಮನೆಯಲ್ಲಿ ಹಿರಿಯರನ್ನು ಕೇಳಿ ಬನ್ನಿರೆಂದಾಗ ಹೆಸರಿಗೆ ನಾಲ್ಕಾರು ಕಥೆಗಳು ಬಂದವು. ಕುದುರೆಗಳನ್ನು ಕಟ್ಟುವ ದಾವಣಿಯಿಂದ ಬಂದುದೆಂದು ಕೆಲವರು, ದೇವನಗರಿಯೆಂಬುದು ಸವೆದು ಹೀಗಾಯಿತೆಂದು ಕೆಲವರು, ಕೆರೆಯೊಂದರ ಹೆಸರೆಂದು ಕೆಲವರು. ಯಾವುದು ನಿಜವೆಂದು ಮಕ್ಕಳು ನಮ್ಮ ಮುಖವನ್ನು ನೋಡಿದರು. ನಾವು ಉತ್ತರವನ್ನು ಕೊಡದೆ, ಯಾವ ಕಥೆಗೆ ಏನು ಆಧಾರವಿದೆ, ಹೇಳಿದವರಿಗೆ ಅದು ಎಲ್ಲಿಂದ ಬಂದಿತು ಎಂಬ ಎರಡು ಪ್ರಶ್ನೆಗಳನ್ನು ಕರಿಯ ಹಲಗೆಯ ಮೇಲೆ ಬರೆದೆವು. ಬಳಿಕ ಮೈಸೂರು ಗೆಜೆಟಿಯರಿನಲ್ಲಿ ಬಿ. ಎಲ್. ರೈಸರು ಬರೆದಿಟ್ಟಿರುವ ಸಂಗತಿಯನ್ನು ಓದಿ ಹೇಳಿದೆವು: ದಾವಣಗೆರೆಯು ಮೊದಲು ಬೇತೂರಿಗೆ ಸೇರಿದ ಒಂದು ಚಿಕ್ಕ ಹಳ್ಳಿಯಾಗಿದ್ದಿತು, 18ನೆಯ ಶತಮಾನದಲ್ಲಿ ಹೈದರಾಲಿಯು ಇದನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು, ಆತನು ವರ್ತಕರನ್ನು ಕರೆಸಿ ನೆಲಸಿಸಿದುದರಿಂದ ಪೇಟೆ ಬೆಳೆಯಿತು. ಬೇತೂರಿನಿಂದ ದಿನವೂ ಬಸ್ಸಿನಲ್ಲಿ ಬರುವ ಇಬ್ಬರು ಹುಡುಗಿಯರು ಅಂದು ತಲೆಯೆತ್ತಿ ನಡೆದ ಗತ್ತನ್ನು ನೀವು ನೋಡಬೇಕಾಗಿತ್ತು. ಅಲ್ಲಿಯ ತನಕ ಅವರು ಹಳ್ಳಿಯವರು. ಅಂದಿನಿಂದ ನಾವು ಅವರ ಹಳ್ಳಿಯ ಉಪಗ್ರಾಮದವರು!

ಈ ಬಗೆಯ ಬೋಧನೆಯು ನಮ್ಮ ಕಲ್ಪನೆಯಲ್ಲಿ ಹುಟ್ಟಿದುದೆಂದು ವಾಚಕರು ತಿಳಿಯಬಾರದು. ಇದು ಸಾಕಷ್ಟು ಹಳೆಯದು, ಮತ್ತು ಇದರ ದಾರಿಯನ್ನು ಮೊದಲು ತುಳಿದವರಲ್ಲಿ ಒಬ್ಬ ಸ್ತ್ರೀ ಇದ್ದಳೆಂಬುದು ಬಾಲಿಕಾ ಪಾಠಶಾಲೆಯವರಾದ ನಮಗೆ ಸಂತೋಷದ ವಿಷಯ. ಅಮೆರಿಕಾದ ವೆಲ್ಸ್‌ಲಿ ಮಹಿಳಾ ಕಾಲೇಜಿನಲ್ಲಿ ಹಿಂದೆ ಕಲಿಸಿದ್ದ ಮೇರಿ ಶೆಲ್ಡನ್ ಬಾರ್ನ್ಸ್ ಎಂಬಾಕೆ 1885ರಲ್ಲಿ ಒಂದು ಚರಿತ್ರೆಯ ಪುಸ್ತಕವನ್ನು ಪ್ರಕಟಿಸಿದಳು. ಅದರಲ್ಲಿ ಕಥನಕ್ಕಿಂತ ಮೂಲಪತ್ರಗಳ ತುಣುಕುಗಳೂ ಚಿತ್ರಗಳೂ ಪ್ರಶ್ನೆಗಳೂ ಹೆಚ್ಚು. ಉತ್ತರವನ್ನು ವಿದ್ಯಾರ್ಥಿಯೇ ಕಂಡುಕೊಳ್ಳತಕ್ಕದ್ದು. ಇಂಗ್ಲೆಂಡಿನಲ್ಲಿ ಕೀಟಿಂಜ್ ಎಂಬ ವಿದ್ವಾಂಸರು 1910ರಲ್ಲಿ ಇದೇ ಅಭಿಪ್ರಾಯವನ್ನು ವಿಸ್ತರಿಸಿ ಬರೆದರು. ವಿಜ್ಞಾನದ ವಿದ್ಯಾರ್ಥಿಗೆ ಪ್ರಯೋಗಶಾಲೆಯಿರುವಂತೆ ಚರಿತ್ರೆಯ ವಿದ್ಯಾರ್ಥಿಗೆ ಆಧಾರಪತ್ರಗಳಿರಬೇಕೆಂಬುದು ಇವರೆಲ್ಲರ ಮತದ ಸಾರ. ನಮ್ಮ ದೇಶದಲ್ಲಿಯೂ ಶಿಕ್ಷಣ ಸಮಿತಿಗಳು ಈ ಮಾತನ್ನು ಮತ್ತೆ ಮತ್ತೆ ಹೇಳುತ್ತ ಬಂದಿವೆ; 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟೂ, ಶಾಲೆಯ ಕಲಿಕೆಯು ಶಾಲೆಯ ಹೊರಗಿನ ಬಾಳಿಗೆ ಹೊಂದಿಕೊಂಡಿರಬೇಕೆಂದು ವಿಧಿಸಿತು. ಹೇಳುವುದು ಸುಲಭ. ನಲವತ್ತು ನಿಮಿಷದ ಪಾಠದ ಅವಧಿ, ಅರುವತ್ತು ಮಂದಿ ಮಕ್ಕಳು, ಮಾರ್ಚಿಯೊಳಗೆ ಮುಗಿಯಬೇಕಾದ ಪಾಠಗಳು ಇವುಗಳ ನಡುವೆ ಆಧಾರಪತ್ರವನ್ನು ಎಲ್ಲಿಂದ ತರುವುದು?

ಆದರೆ ನಮ್ಮ ಶಾಲೆಯಿಂದ ಸುಮಾರು 14 ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದಲ್ಲಿ, ಅಂತಹ ಆಧಾರಪತ್ರಗಳು ಎಂಟುನೂರು ವರ್ಷಗಳಿಂದ ನಿಂತೇ ಇವೆ. ಹರಿಹರದ ಹರಿಹರೇಶ್ವರ ದೇವಾಲಯವನ್ನು ಕಾಣದ ಹುಡುಗಿ ನಮ್ಮ ತರಗತಿಯಲ್ಲಿ ಒಬ್ಬಳೂ ಇರಲಿಲ್ಲ. ಅಲ್ಲಿಯ ಶಾಸನಗಳ ಮುಂದೆ ಒಂದು ನಿಮಿಷ ನಿಂತವಳೂ ಒಬ್ಬಳೂ ಇರಲಿಲ್ಲ. ಒಂದು ಶನಿವಾರ ಅವರನ್ನು ಅಲ್ಲಿಗೆ ಕರೆದೊಯ್ಯುವುದೆಂದು ನಿಶ್ಚಯಿಸಿದೆವು.

ಹೊರಡುವ ಮುನ್ನ ಹದಿನೈದು ದಿನ ಸಿದ್ಧತೆ ನಡೆಯಿತು. ಸಿದ್ಧತೆಯಿಲ್ಲದ ಪ್ರವಾಸವು ಬುತ್ತಿಯ ಊಟದಲ್ಲಿ ಮುಗಿಯುವುದೆಂಬುದು ನಮ್ಮ ಹಳೆಯ ಅನುಭವ. ಮೈಸೂರು ಸೀಮೆಯ ಶಾಸನಗಳನ್ನು ಊರೂರಿಗೆ ಹೋಗಿ ಸಂಗ್ರಹಿಸಿ, 1886ರಿಂದ ಮೊದಲ್ಗೊಂಡು ಹನ್ನೆರಡು ಸಂಪುಟಗಳಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹೆಸರಿನಿಂದ ಅಚ್ಚು ಹಾಕಿಸಿದವರೂ ಮೇಲೆ ಹೇಳಿದ ರೈಸರೇ. ಅವುಗಳಲ್ಲಿ 11ನೆಯ ಸಂಪುಟವು ಚಿತ್ರದುರ್ಗ ಜಿಲ್ಲೆಯದು. ಹರಿಹರವನ್ನು ಹುಡುಕಹೊರಟ ಹುಡುಗಿಯರಿಗೆ ಅದು ದಾವಣಗೆರೆ ತಾಲ್ಲೂಕಿನ ಕೆಳಗೆ, ದಾವಣಗೆರೆಯು ಚಿತ್ರದುರ್ಗದ ಕೆಳಗೆ ದೊರೆಯಿತು. ನಮ್ಮದು ಪ್ರತ್ಯೇಕ ಜಿಲ್ಲೆಯಾದುದು 1997ರ ಆಗಸ್ಟ್ 15ರಂದು ಎಂಬುದನ್ನು ಅವರು ಹೀಗೆ, ಪುಸ್ತಕದಲ್ಲಿ ದಾರಿ ತಪ್ಪಿ, ಕಲಿತರು. ದಾರಿ ತಪ್ಪಿ ಕಲಿತುದು ಬೇಗ ಮರೆಯುವುದಿಲ್ಲ.

ಹರಿಹರದಲ್ಲಿ ನಮ್ಮಿಂದಲೇ ಒಂದು ತಪ್ಪು ಘಟಿಸಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಬೇರೊಂದು ಕಡೆ ಯಾರೋ ಶಾಸನದ ಅಕ್ಷರಗಳಿಗೆ ಹಿಟ್ಟು ಸವರಿ ಓದುತ್ತಿದ್ದುದನ್ನು ಕಂಡಿದ್ದ ನಾವು, ಒಂದು ಪೊಟ್ಟಣ ಅಕ್ಕಿಹಿಟ್ಟನ್ನು ಜೊತೆಗೆ ಒಯ್ದಿದ್ದೆವು. ತೆರೆಯುವಷ್ಟರಲ್ಲಿ ಅಲ್ಲಿಯ ಕಾವಲುಗಾರನು ಓಡಿಬಂದು ತಡೆದನು. ಆತನ ಮಾತು ನ್ಯಾಯವಾದುದು: ಇದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಟ್ಟಡ, ಹಿಟ್ಟು ಇರುವೆಗಳನ್ನೂ ತೇವವನ್ನೂ ಕರೆಯುತ್ತದೆ, ಕೆರೆದು ತೆಗೆಯುವಾಗ ಅಕ್ಷರವೂ ಸವೆಯುತ್ತದೆ. ಮಕ್ಕಳೆದುರಿಗೆ ನಾವು ಕ್ಷಮೆ ಕೇಳಿ ಪೊಟ್ಟಣವನ್ನು ಚೀಲಕ್ಕೆ ಹಾಕಿದೆವು. ಆಗ ಆತನೇ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಬಂದರೆ ಯಾವ ಹಿಟ್ಟೂ ಬೇಡವೆಂದು ಹೇಳಿಕೊಟ್ಟನು. ಮಧ್ಯಾಹ್ನ ಬರಿಯ ಒರಟು ಕಲ್ಲಾಗಿ ತೋರಿದ ಮುಖವು ಸಂಜೆಯ ಓರೆಬೆಳಕಿನಲ್ಲಿ ಸಾಲು ಸಾಲಾಗಿ ಎದ್ದು ನಿಂತಾಗ ಹುಡುಗಿಯರು ಸದ್ದಿಲ್ಲದೆ ನಿಂತರು. ಬೆಳಕು ಬೀಳದ ಮೂಲೆಯಲ್ಲಿ ಕೈದೀಪವನ್ನು ಪಕ್ಕದಿಂದ ಹಿಡಿದರೂ ಇದೇ ಕೆಲಸವಾಗುವುದು. ಮನೆಯವರು ಮಕ್ಕಳೊಡನೆ ಎಲ್ಲಿಯಾದರೂ ಶಾಸನವನ್ನು ಕಂಡರೆ ಈ ಉಪಾಯವನ್ನು ನೆನೆಯಬಹುದು.

ಮೊದಲು ಗುರುತಿಸಲು ಹೇಳಿದುದು ಚಿತ್ರಗಳನ್ನು. ಇಂತಹ ಕಲ್ಲುಗಳ ಶಿರದಲ್ಲಿ ಬಹುಶಃ ಸೂರ್ಯಚಂದ್ರರಿರುವರು. ದತ್ತಿಯು ಸೂರ್ಯಚಂದ್ರರಿರುವವರೆಗೂ ನಡೆಯಲೆಂಬುದು ಅದರ ಅರ್ಥ. ಓದಲು ಬಾರದ ಒಕ್ಕಲಿಗನೂ ಅದನ್ನು ಓದಬಲ್ಲನು. ತರುವಾಯ ಅಕ್ಷರಗಳು. ರ, ಗ, ನ ಮುಂತಾದವು ತಮ್ಮ ನೋಟುಬುಕ್ಕಿನ ಅಕ್ಷರಗಳಿಗೆ ನಂಟರೆಂದು ಹುಡುಗಿಯರೇ ಹುಡುಕಿದರು. ನಾವು ಬಿಟ್ಟುಬಿಟ್ಟಿರುವ ಱ ಎಂಬ ಅಕ್ಷರವನ್ನು ಕಂಡಾಗ, ಇದನ್ನು ಯಾರು ಯಾವಾಗ ಕೈಬಿಟ್ಟರೆಂದು ಒಬ್ಬಳು ಕೇಳಿದಳು. ವ್ಯಾಕರಣದ ಪಾಠದಲ್ಲಿ ಆ ಪ್ರಶ್ನೆಯನ್ನು ನಾವು ಎಂದೂ ಕೇಳಿರಲಿಲ್ಲ.

ಕೊನೆಗೆ ಕಾಲ. ಹೊಯ್ಸಳ ದೊರೆ ಎರಡನೆಯ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವನೆಂಬ ದಂಡನಾಯಕನು ಈ ಗುಡಿಯನ್ನು ಕಟ್ಟಿಸಿದನು. 1268ರಲ್ಲಿ ಸೋಮ ದಂಡನಾಯಕನು, ಸೋಮನಾಥಪುರವನ್ನು ನೆಲೆಗೊಳಿಸಿದವನೇ, ಇದಕ್ಕೆ ಕೆಲವು ಭಾಗಗಳನ್ನು ಸೇರಿಸಿದನು. ಆದರೆ ಆ ಕಾಲದ ಶಾಸನಗಳು ಕ್ರಿಸ್ತಶಕವನ್ನು ಅರಿಯವು. ಅವು ಕೊಡುವುದು ಶಕವರ್ಷವನ್ನೂ ಸಂವತ್ಸರದ ಹೆಸರನ್ನೂ. ಶಕಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ. 1146ಕ್ಕೆ 78 ಕೂಡಿಸಿದರೆ 1224. ಪ್ರಭವದಿಂದ ಎಣಿಸಿದರೆ ಅದು ತಾರಣ ಸಂವತ್ಸರ, ಅರುವತ್ತರಲ್ಲಿ ಹದಿನೆಂಟನೆಯದು. ಇಲ್ಲಿಗೆ ನಿಲ್ಲಿಸದೆ, ತಾರಣವು ಮತ್ತೆ ಯಾವಾಗ ಬಂದಿತೆಂದು ಅಲ್ಲಿಯೇ ಜಗಲಿಯ ಮೇಲೆ ಲೆಕ್ಕ ಹಾಕಿಸಿದೆವು. ಅರುವತ್ತರ ಹನ್ನೆರಡು ಸುತ್ತುಗಳು ಸೇರಿದರೆ 1944. ಹದಿಮೂರು ಸೇರಿದರೆ 2004. "ನಮ್ಮ ಅಜ್ಜಿ ಹುಟ್ಟಿದ್ದು ತಾರಣದಲ್ಲಿ, ನಮ್ಮ ಅಕ್ಕನೂ ತಾರಣದಲ್ಲಿ" ಎಂದು ಒಬ್ಬ ಹುಡುಗಿಯು ಕೂಗಿಕೊಂಡಳು. ಎಂಟುನೂರು ವರ್ಷಗಳೆಂದರೆ ಬರಿಯ ಹದಿಮೂರು ಸುತ್ತು! ಅಲ್ಲಿಯ ತನಕ ಅಂಕೆಯಾಗಿದ್ದ 1224 ಅವಳ ಮನೆಯೊಳಕ್ಕೆ ಬಂದು ಕುಳಿತಿತು. ಇಸವಿಗಳನ್ನು ಕಂಠಪಾಠ ಮಾಡಿಸಬೇಕಾದ ಅಗತ್ಯ ಆ ಕಲ್ಲಿನ ಮಟ್ಟಿಗೆ ಅಂದೇ ಮುಗಿಯಿತು.

ದತ್ತಿಶಾಸನಗಳ ಕೊನೆಗೆ ಬರುವ ಶಾಪದ ಮಾತುಗಳೂ ಮಕ್ಕಳಿಗೆ ಬಹಳ ಹಿಡಿಸಿದವು. ಕೊಟ್ಟ ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂದು ಅವು ಹೆದರಿಸುತ್ತವೆ. ಇದೇ ಶಾಪವು ನಾಡಿನ ನೂರಾರು ಕಲ್ಲುಗಳ ಮೇಲಿರುವುದೆಂದು ಹೇಳಿ, ಹಾಗಾದರೆ ಇದು ಸುದ್ದಿಯೋ, ಪದ್ಧತಿಯೋ ಎಂದು ಕೇಳಿದೆವು. ಪದ್ಧತಿಯೆಂದು ಒಪ್ಪಿದರು. ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮತ್ತೊಂದು ಮಾತನ್ನು ಸೇರಿಸಿದಳು: ಇಷ್ಟು ಜೋರಾಗಿ ಶಪಿಸಬೇಕಾದರೆ, ದಾನದ ಭೂಮಿಯನ್ನು ನುಂಗುವವರು ಆಗಲೂ ಬಹಳ ಮಂದಿ ಇದ್ದಿರಬೇಕು. ಪರೀಕ್ಷೆಯಲ್ಲಿ ಅವಳಿಗೆ ಚರಿತ್ರೆಯಲ್ಲಿ ಎಂದೂ ಹೆಚ್ಚು ಅಂಕಗಳು ಬಂದವಲ್ಲ. ಈ ಒಂದು ಊಹೆಗೆ ನಾವಾಗಿದ್ದರೆ ನೂರಕ್ಕೆ ನೂರು ಕೊಡುತ್ತಿದ್ದೆವು.

ಸ್ಥಳಪುರಾಣದ ವಿಷಯದಲ್ಲಿ ಕೆಲವು ಪೋಷಕರಿಗೆ ಶಂಕೆಯುಂಟಾಯಿತೆಂದು ಕೇಳಿದ್ದೇವೆ. ಗುಹಾಸುರನೆಂಬ ರಕ್ಕಸನನ್ನು ಹರಿಯೂ ಹರನೂ ಒಂದೇ ಮೈಯಾಗಿ ಬಂದು ಸಂಹರಿಸಿದರೆಂಬುದು ಅಲ್ಲಿಯ ಕಥೆ. ಮೂರ್ತಿಯ ಬಲಭಾಗವು ಶಿವನದು, ಎಡಭಾಗವು ವಿಷ್ಣುವಿನದು. ಕಥೆಯನ್ನು ಅಲ್ಲಗಳೆಯುವುದು ಚರಿತ್ರೆಯ ಉಪಾಧ್ಯಾಯಿನಿಯ ಕೆಲಸವಲ್ಲ, ಅದನ್ನು ಇಸವಿಯಿಟ್ಟು ಪಾಠ ಮಾಡುವುದೂ ಅಲ್ಲ. ನಮ್ಮ ಹುಡುಗಿಯರ ಪುಸ್ತಕದಲ್ಲಿ ಪ್ರತಿ ಪುಟಕ್ಕೂ ಮೂರು ಮನೆಗಳನ್ನು ಗೆರೆಯೆಳೆದಿದ್ದೇವೆ: ಕಲ್ಲು ಹೇಳುವುದು, ಜನ ಹೇಳುವುದು, ನಾವು ಊಹಿಸುವುದು. ಗುಹಾಸುರನು ಎರಡನೆಯ ಮನೆಯಲ್ಲಿ ಗೌರವದಿಂದ ಇದ್ದಾನೆ. ಶೈವರೂ ವೈಷ್ಣವರೂ ಒಂದೇ ಗುಡಿಯಲ್ಲಿ ಕೈಮುಗಿಯಬೇಕೆಂದು ಆ ಕಾಲದವರು ಏಕೆ ಬಯಸಿದರು ಎಂಬ ಪ್ರಶ್ನೆಯನ್ನು ಮೂರನೆಯ ಮನೆಗೆ ಬಿಟ್ಟೆವು. ಅಲ್ಲಿ ಬಂದ ಉತ್ತರಗಳು ಒಂದಕ್ಕೊಂದು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಆ ದಿನದ ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಹಿಂದಿರುಗುವ ಹೊತ್ತಿಗೆ ಬಂದಿತು. ದೊರೆಯ ಹೆಸರಿದೆ, ದಂಡನಾಯಕರ ಹೆಸರಿದೆ, ಹೆಂಗಸರು ಎಲ್ಲಿ? ನಾವು ಅತ್ತಿಮಬ್ಬೆಯನ್ನು ನೆನಪಿಸಿದೆವು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಆಕೆಯ ಕೀರ್ತಿ 1007ರ ಶಾಸನದಲ್ಲಿ ನಿಂತಿದೆ. ಹೊಯ್ಸಳರ ಶಾಂತಲೆಯನ್ನೂ ಶಾಸನಗಳು ಬಲ್ಲವು. ಹುಡುಗಿಯರಿಗೆ ತೃಪ್ತಿಯಾಗಲಿಲ್ಲ, ನಿಜ ಹೇಳುವುದಾದರೆ ನಮಗೂ ಆಗಲಿಲ್ಲ. ಕೊಡುವ ಶಕ್ತಿಯಿದ್ದವರ ಹೆಸರು ಉಳಿಯಿತು. ಕಲ್ಲು ಹೊತ್ತ ಗಂಡಸಿನ ಹೆಸರೂ ಇಲ್ಲ, ಅವನಿಗೆ ಅಂಬಲಿ ಕಾಸಿದ ಹೆಂಗಸಿನ ಹೆಸರೂ ಇಲ್ಲ. ಆಧಾರವಿಲ್ಲದವರ ಚರಿತ್ರೆಯನ್ನು ಬರೆಯುವುದು ಹೇಗೆಂಬುದಕ್ಕೆ ಎಂಟುನೂರು ವರ್ಷಗಳ ಹಿಂದಿನವರ ವಿಷಯದಲ್ಲಿ ಈಗ ಮಾಡುವುದು ಅಲ್ಪ. ಎಂಬತ್ತು ವರ್ಷಗಳ ಹಿಂದಿನವರ ವಿಷಯದಲ್ಲಿ ಮಾಡಬಹುದಲ್ಲವೇ? ಹಿಂದೊಮ್ಮೆ ತರಗತಿಯಲ್ಲಿ ನಕ್ಕು ಬಿಟ್ಟಿದ್ದ "ನಮ್ಮ ಅಜ್ಜಿ" ಎಂಬ ಉತ್ತರವು ಆಗ ನೆನಪಿಗೆ ಬಂದಿತು.

ಅಂದಿನಿಂದ ಪ್ರತಿ ಹುಡುಗಿಯೂ ಮನೆಯ ಹಿರಿಯಳೊಬ್ಬಳನ್ನು ಕೇಳಿ ಬರೆಯತಕ್ಕದ್ದೆಂದು ನಿಯಮ ಮಾಡಿದೆವು. ಹೇಗೆ ಕೇಳಬೇಕೆಂಬುದನ್ನೂ ಕಲಿಸಬೇಕಾಯಿತು. "ಆಗಿನ ಕಾಲ ಹೇಗಿತ್ತು?" ಎಂದರೆ "ಚೆನ್ನಾಗಿತ್ತು" ಎಂಬ ಒಂದು ಮಾತು ಬರುವುದು, ಅಷ್ಟೇ. ಮೊದಲ ಕೂಲಿ ಎಷ್ಟು, ಯಾರ ಕೈಗೆ ಕೊಟ್ಟಿರಿ, ಮದುವೆಯಲ್ಲಿ ಯಾವ ಸೀರೆ, ನೀರು ತರಲು ಎಷ್ಟು ದೂರ ಎಂದು ಕೇಳಿದರೆ ಮಾತು ಹರಿಯುವುದು. ಕೇಳಿದುದನ್ನು ಅವರ ನುಡಿಯಲ್ಲಿಯೇ, ತಿದ್ದದೆ, ಬರೆಯಬೇಕು.

ಹೀಗೆ ಬಂದವುಗಳಲ್ಲಿ ಎರಡು ಮೂರನ್ನು ಮಾತ್ರ ಇಲ್ಲಿ ಸೂಚಿಸುತ್ತೇವೆ. ಒಬ್ಬ ಅಜ್ಜಿಯು ರಾಣೆಬೆನ್ನೂರಿನ ಕಡೆಯಿಂದ ಹರಿಹರಕ್ಕೆ ಮದುವೆಯಾಗಿ ಬಂದವರು. ನದಿಯ ಆಚೆಯ ದಡ ಮುಂಬಯಿ ಪ್ರಾಂತ, ಈಚೆಯದು ಮೈಸೂರು ಸೀಮೆ; 1956ರ ನವೆಂಬರ್ 1ರಂದು ಎರಡು ದಡಗಳೂ ಒಂದೇ ರಾಜ್ಯವಾದುದಕ್ಕೆ ಮುಂಚೆ, ಆ ಮದುಮಗಳ ಬಂಡಿ ಗಡಿಯನ್ನೇ ದಾಟಿತ್ತು. ಆ ಬಂಡಿ ಬಂದ ಸೇತುವೆ 1868ರಲ್ಲಿ ಮುಗಿದುದು. 60 ಅಡಿಯ 14 ಕಮಾನುಗಳು, ಸುಮಾರು 3 ಲಕ್ಷ ರೂಪಾಯಿಗಳ ಖರ್ಚು. ರಾಜ್ಯಗಳ ಏಕೀಕರಣದ ಪಾಠವನ್ನು ನಾವು ಈಗ ಈ ಬಂಡಿಯಿಂದಲೇ ಆರಂಭಿಸುತ್ತೇವೆ. ಮತ್ತೊಬ್ಬಳ ಮನೆಯ ಹಿರಿಯರು, 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಚರಕಿಯಂತ್ರಗಳನ್ನು, ಅಂದರೆ ಲೇತುಗಳನ್ನು, ಮಾಡುತ್ತಿದ್ದವರು. ದೇವಾಲಯದ ಬಳಪದ ಕಲ್ಲಿನ ಕಂಬಗಳು ಚರಕಿಗೆ ಕೊಟ್ಟು ತಿರುವಿದಂತೆ ದುಂಡಗಾಗಿರುವುದನ್ನು ಕಂಡು ಆಕೆ, "ಇಲ್ಲಿಯೂ ಲೇತಿನ ಕೆಲಸವೇ" ಎಂದು ಬರೆದಿದ್ದಾಳೆ. ಆ ಕಾರ್ಖಾನೆ ಈಗಿಲ್ಲ; ಕಂಬಗಳಿವೆ.

ಇದರಿಂದ ಅಂಕಗಳು ಹೆಚ್ಚಿದವೇ ಎಂದು ತಂದೆತಾಯಿಗಳು ಕೇಳುತ್ತಾರೆ, ಕೇಳುವುದು ನ್ಯಾಯವೇ. ಕೆಲವರಿಗೆ ಹೆಚ್ಚಿದವು. ಒಳ್ಳೆಯ ನೆನಪಿನ ಇಬ್ಬರು ಮೂವರಿಗೆ ಮೊದಲ ವರ್ಷ ಕಡಮೆಯೂ ಆದವು, ಏಕೆಂದರೆ ಎರಡು ಸಾಲಿನ ಉತ್ತರವನ್ನು ಬೇಡುವ ಪ್ರಶ್ನೆಗೆ ಅವರು ಎರಡು ಪುಟ ಶಂಕೆಗಳನ್ನು ಬರೆದಿದ್ದರು. ಆದುದರಿಂದ ವಾರದ ಪಾಠಗಳಲ್ಲಿ ಒಂದನ್ನು ಮಾತ್ರ ಈ ಕೆಲಸಕ್ಕೆ ಮೀಸಲಿಟ್ಟು, ಉಳಿದವುಗಳಲ್ಲಿ ಪಠ್ಯಪುಸ್ತಕವನ್ನು ಹಿಂದಿನಂತೆಯೇ ನಡೆಸುತ್ತೇವೆ. ಹೊಸ ಪದ್ಧತಿಯ ಉತ್ಸಾಹದಲ್ಲಿ ಹಳೆಯದನ್ನು ಪೂರ್ತಿ ಬಿಟ್ಟ ಶಾಲೆಗಳ ಅವಸ್ಥೆಯನ್ನು ನಾವು ಕಂಡಿಲ್ಲವೆಂದಲ್ಲ. ಪಾಣಿಪತ್ತಿನ ಇಸವಿಗಳು ಈಗಲೂ ಬೇಕು.

ಒಂದು ಸಂಗತಿಯನ್ನು ಮಾತ್ರ ಹೇಳದೆ ಮುಗಿಸಲಾರೆವು. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದನ್ನು ನಮ್ಮ ಊರಿಗೆ ತಂದ ಹತ್ತಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಒಬ್ಬ ವಿದ್ಯಾರ್ಥಿನಿಯ ಅಜ್ಜಿಯು ಹತ್ತಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅರಳೆ ಬಿಡಿಸಿದವರು. ಬೆಳಗಿನ ಸಿಳ್ಳು ಎಷ್ಟು ಹೊತ್ತಿಗೆ ಆಗುತ್ತಿತ್ತು, ಕೂಸನ್ನು ಎಲ್ಲಿ ಮಲಗಿಸಿ ಕೆಲಸ ಮಾಡುತ್ತಿದ್ದರು, ಹೆಂಗಸರ ಕೂಲಿಗೂ ಗಂಡಸರ ಕೂಲಿಗೂ ಅಂತರವೆಷ್ಟು ಎಂಬಿವೆಲ್ಲವನ್ನೂ ಹೇಳಲು ಅವರು ಸಿದ್ಧರಿದ್ದರು. ಹುಡುಗಿಯು ಜನವರಿಯಲ್ಲಿ ಬಂದು ಕೇಳಿದಾಗ, ಪರೀಕ್ಷೆ ಹತ್ತಿರವಾಯಿತು, ಜೂನಿನಲ್ಲಿ ಬರೆಯುವೆಯಂತೆ ಎಂದೆವು. ಹಾಗೆ ಹೇಳಿದವರು ನಾವೇ. ಏಪ್ರಿಲಿನಲ್ಲಿ ಆ ಅಜ್ಜಿಯು ತೀರಿಕೊಂಡರು. ಆಕೆ ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು, ಪ್ರತಿಯೊಂದರ ಕೆಳಗೂ ಉತ್ತರಕ್ಕೆ ಜಾಗ ಬಿಟ್ಟಿದ್ದಳು. ನಾಲ್ಕು ಪುಟಗಳು.

ಆ ಪುಸ್ತಕವು ಶಾಲೆಯ ಬೀರುವಿನಲ್ಲಿದೆ. ಈ ವರ್ಷದಿಂದ ಅಜ್ಜಿಯರನ್ನು ಕೇಳುವ ಕೆಲಸವನ್ನು ಜೂನಿನ ಮೊದಲ ವಾರದಲ್ಲಿಯೇ, ಪಠ್ಯಪುಸ್ತಕವನ್ನು ತೆರೆಯುವುದಕ್ಕೆ ಮುಂಚೆ, ಇಟ್ಟುಕೊಂಡಿದ್ದೇವೆ. ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಗಿರಣಿಯ ಹಾಜರಿಚೀಟಿ, ಕೂಲಿಯ ಪುಸ್ತಕ, ಕಂಬಳಿ ನೆಯ್ದು ಮಾರಿದ ಲೆಕ್ಕ, ನಮ್ಮ ಶಾಲೆಯದೇ ಹಳೆಯ ವರದಿ ಅಥವಾ ಛಾಯಾಚಿತ್ರ ಮುಂತಾದುವಿದ್ದರೆ, ಮೂಲವನ್ನು ಕೊಡುವುದು ಬೇಡ. ಒಂದು ದಿನದ ಮಟ್ಟಿಗೆ ತಂದು ತೋರಿಸಿದರೆ ಮಕ್ಕಳು ನಕಲು ಮಾಡಿಕೊಂಡು ಹಿಂದಿರುಗಿಸುವರು. ಹತ್ತಿಯ ಕಾರ್ಖಾನೆಯಲ್ಲಿ ದುಡಿದ ಹಿರಿಯ ತಾಯಂದಿರು ಯಾರಾದರೂ ಇದ್ದರೆ, ಯಾವ ಶನಿವಾರವಾದರೂ ಸರಿ, ಹುಡುಗಿಯರು ತಾವೇ ಅವರ ಮನೆಗೆ ಬರುವರು.